ಹೊಟ್ಟೆಬೇನೆಯ ಲೆಕ್ಕ

1860ರ ದಶಕದ ನಡುಭಾಗದಿಂದ ಮುಂಬಯಿ ಪ್ರಾಂತ್ಯದ ಹಳ್ಳಿಗಳಲ್ಲಿ ಸಾವಿನ ಲೆಕ್ಕ ಇಡುವ ಪದ್ಧತಿ ಶುರುವಾಯಿತು. ಈಗ ವಿಜಯಪುರ ಜಿಲ್ಲೆಯಲ್ಲಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳು ಆಗ ಕಲಾದಗಿ ಜಿಲ್ಲೆಯವು. ಊರಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಗೌಡ, ಕುಲಕರ್ಣಿಯರ ಕಿವಿಗೆ ಬೀಳಬೇಕು. ಅವರು ಅದನ್ನು ಬರೆದಿಟ್ಟು ತಾಲ್ಲೂಕಿಗೆ ಕಳಿಸಬೇಕು. ಅಲ್ಲಿಂದ ಅದು ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಂತ್ಯದ ಸ್ಯಾನಿಟರಿ ಕಮಿಷನರರ ವಾರ್ಷಿಕ ವರದಿಗೆ ಹೋಗುತ್ತಿತ್ತು. ಸಾವಿನ ಕಾರಣ ಬರೆಯಲು ಇದ್ದ ಕಾಲಂಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಕರುಳಿನ ಬೇನೆ, ಪೆಟ್ಟು ಗಾಯ. ಉಳಿದದ್ದೆಲ್ಲ ‘ಇತರೆ’.

ಕರುಳಿನ ಬೇನೆಯ ಆ ಒಂದು ಕಾಲಮ್ಮಿನೊಳಗೆ ಏನೆಲ್ಲ ಸೇರುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆಮಶಂಕೆ, ನೀರುಭೇದಿ, ರಕ್ತಭೇದಿ, ಹಸಿವಿನಿಂದ ಸೊರಗಿದ ಮೈ ಕೊನೆಯ ದಿನಗಳಲ್ಲಿ ಏನನ್ನೂ ಅರಗಿಸಿಕೊಳ್ಳಲಾರದೆ ಹೊರಹಾಕುವ ಭೇದಿ, ಎಲ್ಲವೂ ಅಲ್ಲಿಗೇ. ಕಾರಣ ನಿರ್ಧರಿಸುತ್ತಿದ್ದವರು ವೈದ್ಯರಲ್ಲ. ಮನೆಯವರು ಹೇಳಿದ್ದನ್ನು ಕೇಳಿ, ತಾನು ಕಂಡದ್ದನ್ನು ಸೇರಿಸಿ ಕುಲಕರ್ಣಿ ಬರೆದದ್ದೇ ದಾಖಲೆ. ಇಷ್ಟು ಒರಟಾದ ಲೆಕ್ಕವಾದರೂ ಅದಕ್ಕೆ ಬೆಲೆ ಇತ್ತು. ಯಾವ ವರ್ಷ, ಯಾವ ತಿಂಗಳು ಸಾವು ಏರಿತು ಎಂಬುದು ಅದರಿಂದ ತಿಳಿಯುತ್ತಿತ್ತು.

ಆದರೆ ಅದು ಸತ್ತವರ ಲೆಕ್ಕ. ಆಮಶಂಕೆ ಹಿಡಿದು ತಿಂಗಳೊಪ್ಪತ್ತು ಮಲಗಿ, ಎದ್ದು, ಮತ್ತೆ ಹೊಲಕ್ಕೆ ಹೋದವರು ಯಾವ ಕಾಲಮ್ಮಿಗೂ ಸೇರಲಿಲ್ಲ. ಅವರಲ್ಲಿ ಕೆಲವರಿಗೆ ಹೊಟ್ಟೆ ಮತ್ತೆಂದೂ ಮೊದಲಿನಂತಾಗಲಿಲ್ಲ ಎಂಬುದಕ್ಕೂ ದಾಖಲೆ ಇಲ್ಲ. ನೂರೈವತ್ತು ವರ್ಷಗಳ ಕಾಲ ಈ ಸೀಮೆಯಲ್ಲಿ ಜನರನ್ನು, ಸಾವನ್ನು, ಹುಣ್ಣನ್ನು, ಹುಳವನ್ನು ಎಣಿಸಿದ್ದಾರೆ. ಬದುಕಿರುವವರ ಹೊಟ್ಟೆಯ ದೀರ್ಘಕಾಲದ ನೋವನ್ನು ಮಾತ್ರ ಎಣಿಸಿಲ್ಲ. ಯಾಕೆ ಎಂಬುದನ್ನು ಹುಡುಕುತ್ತ ಹೋದರೆ ರೋಗ ಎಣಿಸುವ ಕಲೆಯ ಇತಿಹಾಸವೇ ತೆರೆದುಕೊಳ್ಳುತ್ತದೆ.

ಮೊದಲ ದೊಡ್ಡ ಲೆಕ್ಕ ಬರದ್ದು. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ 8,16,273. 1881ರಲ್ಲಿ ಅದು 6,38,493. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದು ಹೋಗಿತ್ತು. 1,77,780 ಜನ, ಅಂದರೆ ನೂರರಲ್ಲಿ ಸುಮಾರು 22 ಮಂದಿ, ಲೆಕ್ಕದಿಂದ ಮಾಯವಾಗಿದ್ದರು. ಎಲ್ಲರೂ ಸತ್ತವರಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಗಡಿ ದಾಟಿದರೆ ನಿಜಾಮರ ಸೀಮೆ. ಬದುಕು ಹುಡುಕಿ ಅತ್ತ ಹೋದವರು ಬಹಳ ಜನ. 1891ರ ಹೊತ್ತಿಗೆ ಸಂಖ್ಯೆ 7,96,339ಕ್ಕೆ ಮರಳಿತು. ಮತ್ತೊಂದು ಬರ ಬಡಿದ ಮೇಲೆ 1901ರಲ್ಲಿ 7,35,435ಕ್ಕೆ ಇಳಿಯಿತು. ಡೋಣಿ ಹೊಳೆಯ ದಂಡೆಯ ಎರೆಭೂಮಿ ಎಷ್ಟು ಫಲವತ್ತೋ ಮಳೆಯನ್ನು ಅಷ್ಟೇ ನೆಚ್ಚಿಕೊಂಡದ್ದು. ಹೊಳೆಯ ನೀರು ಉಪ್ಪು. ಹದವಾದ ಮಳೆ ಬಿದ್ದರೆ ಬಿಳಿಜೋಳದಿಂದ ಹಗೇವು ತುಂಬುತ್ತಿದ್ದವು, ಇಲ್ಲದಿದ್ದರೆ ಊರೇ ಖಾಲಿಯಾಗುತ್ತಿತ್ತು.

ಬರಗಾಲದಲ್ಲಿ ಬರೇ ಹಸಿವಿನಿಂದ ಸತ್ತರೆಂದು ರಜಿಸ್ಟರಿನಲ್ಲಿ ಬರೆದದ್ದು ಕಡಿಮೆ. ಸಾವು ಬರುತ್ತಿದ್ದದ್ದು ಕಾಲರಾ, ಜ್ವರ, ಭೇದಿಗಳ ಹೆಸರಿನಲ್ಲಿ. ಗಂಜಿಕೇಂದ್ರದ, ಬರಗಾಲದ ಕಾಮಗಾರಿಯ ಗುಂಪುಗಳಲ್ಲಿ ಕುಡಿಯುವ ನೀರಿಗೂ ಮಲಕ್ಕೂ ನಡುವೆ ಅಂತರವೇ ಇರಲಿಲ್ಲ. ಜೋಳದ ರೊಟ್ಟಿ ಉಂಡು ಗಟ್ಟಿಯಾದ ಹೊಟ್ಟೆಗಳು ಸೊಪ್ಪು, ಗಡ್ಡೆ, ಕಾಡು ಬೀಜ ತಿಂದು ಕೆಟ್ಟವು. ಆ ಕೆಡುಕಿನಲ್ಲಿ ಉಳಿದವರ ಕರುಳು ಏನಾಯಿತು ಎಂದು ಕೇಳುವ ಪ್ರಶ್ನೆ ಅಂದಿನ ಆಡಳಿತಕ್ಕೆ ಹೊಳೆಯುವಂತೆಯೂ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರದ ಒಂದು ತುಣುಕು ಬಹಳ ಕಾಲದ ಮೇಲೆ, ಬಹಳ ದೂರದಲ್ಲಿ ಸಿಕ್ಕಿತು. 1962ರಲ್ಲಿ ಆಕ್ಸ್‌ಫರ್ಡಿನಲ್ಲಿ ಚೌಧರಿ ಮತ್ತು ಟ್ರೂಲವ್ ಎಂಬ ವೈದ್ಯರು 130 ರೋಗಿಗಳ ವಿವರ ಪ್ರಕಟಿಸಿದರು. ಪರೀಕ್ಷೆಗಳಲ್ಲಿ ಕರುಳಿಗೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೂ ನೋವು, ಒಮ್ಮೆ ಭೇದಿ, ಇನ್ನೊಮ್ಮೆ ಮಲಬದ್ಧತೆ. ಅವರಲ್ಲಿ ಸುಮಾರು ನಾಲ್ಕನೇ ಒಂದು ಭಾಗದ ಜನರ ಕಾಯಿಲೆ ಆಮಶಂಕೆಯ ಒಂದು ಹೊಡೆತದ ಬೆನ್ನಲ್ಲೇ ಶುರುವಾಗಿತ್ತು. 2000ರ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ ದೊಡ್ಡ ಮಳೆಗೆ ಕೊಟ್ಟಿಗೆಯ ಸಗಣಿ ಗೊಬ್ಬರ ಕೊಚ್ಚಿಕೊಂಡು ಬಂದು ಕುಡಿಯುವ ನೀರಿನ ಬಾವಿ ಸೇರಿತು. ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ಕೆಲವು ವರ್ಷಗಳ ನಂತರ ಅಲ್ಲಿನ ಜನರನ್ನು ವಿಚಾರಿಸಿದಾಗ, ಆಗ ಹೊಟ್ಟೆ ಕೆಟ್ಟಿತ್ತೆಂದು ವೈದ್ಯಕೀಯವಾಗಿ ಶಂಕಿಸಲಾಗಿದ್ದವರಲ್ಲಿ ನೂರಕ್ಕೆ 36ರಷ್ಟು ಜನರಿಗೆ ‘ಕೆರಳುವ ಕರುಳಿನ’ ಬೇನೆ, ಅಂದರೆ ವೈದ್ಯರು ಐ.ಬಿ.ಎಸ್. ಎನ್ನುವುದು, ಅಂಟಿಕೊಂಡಿತ್ತು. ಆಗ ಏನೂ ಆಗದೆ ಪಾರಾದವರಲ್ಲಿ ಅದು ನೂರಕ್ಕೆ 10 ಮಾತ್ರ.

ಕೆಟ್ಟ ನೀರು ಕೊಲ್ಲುವುದಷ್ಟೇ ಅಲ್ಲ, ಬಿಟ್ಟವರನ್ನೂ ಬಿಡುವುದಿಲ್ಲ. ಕರುಳಿನ ಬೇನೆಯ ಕಾಲಮ್ಮು ವರ್ಷ ವರ್ಷ ತುಂಬುತ್ತಿದ್ದ ಈ ನಾಲ್ಕು ತಾಲ್ಲೂಕುಗಳಿಗೆ ಇದು ನೇರವಾಗಿ ತಟ್ಟುವ ಮಾತು.

ಎಣಿಸುವುದು ಹೇಗೆ ಎಂಬ ಪಾಠವನ್ನು ಈ ಸೀಮೆ ಕಲಿತದ್ದು ಇನ್ನೊಂದು ಬೇನೆಯಿಂದ. ಅದರ ಹೆಸರು ನಾರುಹುಣ್ಣು. ಪಾವಟಿಗೆ ಬಾವಿಯ ಮೆಟ್ಟಿಲಿಳಿದು, ಮೊಣಕಾಲಮಟ ನೀರಲ್ಲಿ ನಿಂತು ಕೊಡ ತುಂಬುವುದು ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ದಿನನಿತ್ಯದ ಕೆಲಸ. ಹುಣ್ಣಿದ್ದ ಕಾಲು ನೀರಿಗೆ ತಾಕಿದರೆ ಅದರೊಳಗಿನ ಹೆಣ್ಣುಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲೋಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದ ನೀರುಹುಳು ಆ ಮರಿಗಳನ್ನು ನುಂಗುತ್ತದೆ. ಅದೇ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ಕಾಲಲ್ಲಿ ಬೊಬ್ಬೆ ಎದ್ದು ಒಡೆದು, ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದರ ಉದ್ದ ಒಂದು ಮೀಟರಿನವರೆಗೂ ಇರಬಹುದು. ಎಳೆದರೆ ಒಳಗೇ ಹರಿದು ಕಾಲು ಕೀವಾಗುತ್ತದೆ. ಅದಕ್ಕೇ ಒಂದು ಕಡ್ಡಿಗೆ ತುದಿ ಸುತ್ತಿ, ದಿನಕ್ಕೆ ಒಂದೆರಡು ಬೆರಳಷ್ಟು ಹೊರಳಿಸುತ್ತ, ವಾರಗಟ್ಟಲೆ ಕಾಯುತ್ತಿದ್ದರು. ಬಿತ್ತುವ ಹೊತ್ತಿನಲ್ಲಿ ಮನೆಯ ಯಜಮಾನ ಕಾಲು ಚಾಚಿ ಕೂತರೆ ಆ ವರ್ಷದ ಫಸಲೂ ಹೋದಂತೆಯೇ.

ಇದರ ಮೇಲೆ ಕನ್ನಡನಾಡಿನಲ್ಲೇ ನಡೆದ ಒಂದು ಕೆಲಸಕ್ಕೆ ಲೋಕದ ಮನ್ನಣೆ ಸಿಕ್ಕಿತು. ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿ ಎಂಬ ವೈದ್ಯ ವಿಜ್ಞಾನಿ ನಾರುಹುಳದ ಅಧ್ಯಯನ ನಡೆಸಿದರು. ಸೈಕ್ಲೋಪ್ಸ್ ತಿನ್ನುವ ಮೀನುಗಳನ್ನು ಮೆಟ್ಟಿಲು ಬಾವಿಗಳಿಗೆ ಬಿಟ್ಟು ರೋಗ ತಡೆಯುವ ವಿಧಾನವನ್ನು ಅವರು ಸ್ವೀಟ್ ಎಂಬ ವೈದ್ಯರೊಡನೆ 1936ರಲ್ಲಿ ಪ್ರಕಟಿಸಿದರು. ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರಿನ ಜೊತೆ ಒಂದಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983–84ರಲ್ಲಿ ಶುರುವಾದಾಗ ಮೊದಲು ಆದದ್ದು ಎಣಿಕೆ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ‘ಕಾಲಾಗ ನಾರು ಬಿದ್ದದೇನ್ರಿ?’ ಎಂದು ಕೇಳಿ, ಕಣ್ಣಾರೆ ನೋಡಿ ಬರೆದುಕೊಂಡರು. 1984ರಲ್ಲಿ ದೇಶದಲ್ಲಿ ಸಿಕ್ಕ ಪ್ರಕರಣಗಳು 39,792. ರಾಜ್ಯಗಳು ಏಳು, ಅವುಗಳಲ್ಲಿ ಕರ್ನಾಟಕವೂ ಒಂದು. ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ಹಾಕಿದರು, ನೀರು ಸೋಸಲು ಬಟ್ಟೆ ಕೊಟ್ಟರು, ನೀರಿಗೆ ಟೆಮಿಫಾಸ್ ಔಷಧ ಬೆರೆಸಿದರು. ವರ್ಷದಲ್ಲಿ ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ ಕೇಳಿದರು. ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಎಣಿಸುತ್ತ ಎಣಿಸುತ್ತಲೇ ಒಂದು ರೋಗವನ್ನು ಸೊನ್ನೆಗೆ ತಂದ ಅಪರೂಪದ ಚರಿತ್ರೆ ಇದು.

ಅದು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ನಾರುಹುಳ ಕಣ್ಣಿಗೆ ಕಾಣುತ್ತದೆ. ಅಜ್ಜಿಯೂ ಗುರುತಿಸುತ್ತಾಳೆ, ನರ್ಸಮ್ಮನೂ ಗುರುತಿಸುತ್ತಾಳೆ. ಇಬ್ಬರ ಲೆಕ್ಕವೂ ಒಂದೇ. ಕೆರಳುವ ಕರುಳಿಗೆ ಆ ಅನುಕೂಲವಿಲ್ಲ. ರಕ್ತ, ಮಲ, ಸ್ಕ್ಯಾನ್, ಎಂಡೋಸ್ಕೊಪಿ ಎಲ್ಲ ‘ನಾರ್ಮಲ್’ ಎನ್ನುತ್ತವೆ. ಉಳಿಯುವುದು ರೋಗಿಯ ಮಾತೊಂದೇ.

ಮಾತನ್ನು ನೆಚ್ಚಿ ರೋಗ ಎಣಿಸಬಹುದೇ? ಈ ಅನುಮಾನಕ್ಕೂ ಕರ್ನಾಟಕದಲ್ಲೇ ಒಂದು ಒಳ್ಳೆಯ ಉತ್ತರವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವಿರುವುದಿಲ್ಲ, ಅವರನ್ನು ಎಕ್ಸ್‌ರೇ ಗಾಡಿಯಲ್ಲೇ ಹುಡುಕಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ತುಮಕೂರಿನ ಕ್ಷಯರೋಗಿಗಳ ಮನೆಬಾಗಿಲಿಗೆ ಹೋಗಿ ಕೇಳಿದಾಗ ಕಂಡದ್ದು ಬೇರೆ. ಬಹುತೇಕ ಎಲ್ಲರಿಗೂ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿ ಹೊರಟಿದ್ದರು, ಹೋದಲ್ಲಿ ಕೆಮ್ಮಿನ ಔಷಧಿ ಪಡೆದು ಮರಳಿದ್ದರು. ಜನರಿಗೆ ತಮ್ಮ ಮೈಯ ಸುದ್ದಿ ಗೊತ್ತಿತ್ತು, ಕೇಳುವವರು ಇರಲಿಲ್ಲ. ದೇಶದ ಕ್ಷಯರೋಗ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸಬೇಕೆಂಬ ನೀತಿಗೆ ಇಂಥ ಅಧ್ಯಯನಗಳು ಬುನಾದಿ ಹಾಕಿದವು.

ಹೊಟ್ಟೆಬೇನೆಯ ಮಾತಿಗೆ ಒಂದು ಕಟ್ಟು ಹಾಕುವ ಕೆಲಸ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಯಿತು. 1978ರಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ಕರುಳಿಗೆ ನಿಜವಾದ ಗಾಯವಿದ್ದವರನ್ನೂ ಇಲ್ಲದವರನ್ನೂ ಒಂದೇ ಪ್ರಶ್ನಾವಳಿಯಿಂದ ವಿಚಾರಿಸಿ, ಎರಡನ್ನು ಬೇರ್ಪಡಿಸುವ ಲಕ್ಷಣಗಳನ್ನು ಗುರುತಿಸಿದರು. ಮಲವಿಸರ್ಜನೆ ಆದ ಮೇಲೆ ನೋವು ಕಡಿಮೆಯಾಗುವುದು, ನೋವು ಬಂದಾಗ ಮಲ ತೆಳ್ಳಗಾಗುವುದು, ಹೊಟ್ಟೆ ಉಬ್ಬುವುದು, ಪೂರ್ತಿ ಆಗಿಲ್ಲವೆನಿಸುವುದು ಅವುಗಳಲ್ಲಿ ಕೆಲವು. ಮುಂದೆ ರೋಮ್ ನಗರದಲ್ಲಿ ಸೇರಿದ ತಜ್ಞರ ಬಳಗ ಈ ಪಟ್ಟಿಯನ್ನು ಬಿಗಿ ಮಾಡುತ್ತ ಬಂತು. ರೋಮ್–2 ಬಂದದ್ದು 1999ರಲ್ಲಿ, ರೋಮ್–3 ಬಂದದ್ದು 2006ರಲ್ಲಿ, ರೋಮ್–4 ಬಂದದ್ದು 2016ರಲ್ಲಿ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ನೋವಿರಬೇಕು, ಆ ನೋವು ಮಲವಿಸರ್ಜನೆ, ಅದರ ಸಂಖ್ಯೆಯ ಬದಲಾವಣೆ, ರೂಪದ ಬದಲಾವಣೆ ಈ ಮೂರರಲ್ಲಿ ಎರಡಕ್ಕಾದರೂ ತಳಕು ಹಾಕಿಕೊಂಡಿರಬೇಕು, ಶುರುವಾಗಿ ಆರು ತಿಂಗಳಾದರೂ ಆಗಿರಬೇಕು ಎನ್ನುತ್ತದೆ ಕೊನೆಯ ನಿಯಮ. ಹಿಂದಿನ ನಿಯಮದಲ್ಲಿ ನೋವಿನ ಜೊತೆ ‘ತಳಮಳ’ಕ್ಕೂ ಜಾಗವಿತ್ತು, ರೋಮ್–4 ಅದನ್ನು ಕೈಬಿಟ್ಟಿತು.

ನಿಯಮ ಬದಲಾದಂತೆ ರೋಗಿಗಳ ಸಂಖ್ಯೆಯೂ ಬದಲಾಯಿತು. ಲೋಕದ ನಾನಾ ಕಡೆಯ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2012ರ ಲೆಕ್ಕದಲ್ಲಿ ಐ.ಬಿ.ಎಸ್. ಪ್ರಮಾಣ ನೂರಕ್ಕೆ 11.2. ಬಿಡಿ ಸಮೀಕ್ಷೆಗಳಲ್ಲಿ ಅದು ನೂರಕ್ಕೆ ಒಂದರಿಂದ 45ರವರೆಗೂ ಹರಡಿಕೊಂಡಿತ್ತು. 2020ರ ಇನ್ನೊಂದು ಲೆಕ್ಕದಲ್ಲಿ ರೋಮ್–3ರ ಪ್ರಕಾರ ನೂರಕ್ಕೆ 9.2, ರೋಮ್–4ರ ಪ್ರಕಾರ 3.8. ಮರುವರ್ಷ 33 ದೇಶಗಳ 73,076 ಜನರನ್ನು ವಿಚಾರಿಸಿದ ಅಧ್ಯಯನ ಪ್ರಕಟವಾಯಿತು. ರೋಮ್–4ನ್ನೇ ಹಿಡಿದರೂ ಇಂಟರ್‌ನೆಟ್ಟಿನಲ್ಲಿ ಉತ್ತರ ಕೊಟ್ಟವರಲ್ಲಿ ನೂರಕ್ಕೆ 4.1, ಮನೆಗೆ ಹೋಗಿ ಎದುರು ಕೂತು ಕೇಳಿದವರಲ್ಲಿ 1.5. ಭಾರತದಲ್ಲಿ ನಡೆದದ್ದು ಈ ಎರಡನೆಯ ಬಗೆಯ ವಿಚಾರಣೆ. ಒಂದು ಲಕ್ಷ ವಯಸ್ಕರಿರುವ ತಾಲ್ಲೂಕಿಗೆ ಈ ಪ್ರಮಾಣಗಳನ್ನು ಹಚ್ಚಿದರೆ ಒಂದು ಲೆಕ್ಕಕ್ಕೆ 11,200 ರೋಗಿಗಳು, ಇನ್ನೊಂದಕ್ಕೆ 1,500. ಔಷಧಿ, ವೈದ್ಯರು, ಹಣ ಎಷ್ಟು ಬೇಕೆಂಬುದೆಲ್ಲ ಯಾವ ಸಂಖ್ಯೆ ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಭಾರತದ ಸ್ವಂತ ಲೆಕ್ಕಗಳೂ ಇವೆ. ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸೊಸೈಟಿಯ ಕಾರ್ಯಪಡೆ ದೇಶದ ಹಲವು ಕೇಂದ್ರಗಳಲ್ಲಿ ಆಸ್ಪತ್ರೆಗೆ ಬಂದ 2,785 ರೋಗಿಗಳನ್ನೂ ಊರುಗಳಲ್ಲಿದ್ದ 4,500 ಜನರನ್ನೂ ವಿಚಾರಿಸಿ 2008ರಲ್ಲಿ ವರದಿ ಕೊಟ್ಟಿತು. ಊರಿನ ಜನರಲ್ಲಿ ಐ.ಬಿ.ಎಸ್. ನೂರಕ್ಕೆ 4.2. ಹರಿಯಾಣದ ಬಲ್ಲಭಗಢದಲ್ಲಿ 4,767 ಜನರ ಸಮೀಕ್ಷೆ 2011ರಲ್ಲಿ ನೂರಕ್ಕೆ 4 ಎಂದಿತು. ಅಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು. ಇನ್ನೊಂದು ಸಂಗತಿಯೂ ಕಾರ್ಯಪಡೆಯ ಕಣ್ಣಿಗೆ ಬಿತ್ತು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾದರೆ ಮಲಬದ್ಧತೆ ಎಂಬುದು ಪಶ್ಚಿಮದ ಅಳತೆ. ಬ್ರಿಸ್ಟಲ್‌ನಲ್ಲಿ 1992ರ ಸಮೀಕ್ಷೆ ಹೇಳಿದ್ದು, ದಿನಕ್ಕೊಮ್ಮೆ ತಪ್ಪದೆ ಆಗುವವರು ಅರ್ಧದಷ್ಟೂ ಇಲ್ಲವೆಂದು. ಭಾರತದಲ್ಲಾದರೋ ಆರೋಗ್ಯವಂತರು ಬಹುತೇಕ ಎಲ್ಲರೂ ದಿನಕ್ಕೊಮ್ಮೆಯಾದರೂ ಹೋಗುವವರೇ. ಎರಡು ದಿನಕ್ಕೊಮ್ಮೆ ಆದರೆ ಇಲ್ಲಿನವರಿಗೆ ಅದು ಕಾಯಿಲೆ. ಆ ಅಳತೆಗೆ ಅವರು ಆರೋಗ್ಯವಂತರು.

ಈ ನಾಲ್ಕು ತಾಲ್ಲೂಕುಗಳಲ್ಲಿ ಈಗಲೂ ಹೊಟ್ಟೆಯ ಲೆಕ್ಕ ನಡೆಯುತ್ತದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಡಿ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ತುಂಬುವ ಫಾರಮ್ಮಿನಲ್ಲಿ ಭೇದಿಗೆ ಜಾಗವಿದೆ, ಆದರೆ ಅದು ಎರಡು ವಾರದೊಳಗಿನ ಭೇದಿಗೆ. 1992–93ರಿಂದ ನಡೆಯುತ್ತಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಾಯಂದಿರನ್ನು ಕೇಳುವುದು ಕಳೆದ ಎರಡು ವಾರದಲ್ಲಿ ಕೂಸಿಗೆ ಭೇದಿ ಆಗಿತ್ತೇ ಎಂದು. ಎರಡೂ ಬೇಕಾದ ಲೆಕ್ಕಗಳೇ, ಅವು ಮಕ್ಕಳ ಜೀವ ಉಳಿಸುತ್ತವೆ. ಆದರೆ ಎರಡು ವರ್ಷದಿಂದ ಹೊಟ್ಟೆ ಹಿಡಿದುಕೊಂಡೇ ಕಳೆ ಕೀಳಲು ಹೋಗುವ ತಾಯಿಯನ್ನು ಅವು ಕೇಳುವುದಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 21,77,331. ಇಷ್ಟು ಜನರಲ್ಲಿ ಅಂಥವರು ಎಷ್ಟು ಮಂದಿ ಎಂಬುದಕ್ಕೆ ಸರಕಾರಿ ಫಾರಮ್ಮುಗಳಲ್ಲಿ ಕಾಲಂ ಇಲ್ಲ.

ಲೆಕ್ಕ ಸಿಗದಿರುವುದರ ಬಾಧೆ ದೊಡ್ಡದು. ಕಾಯಿಲೆಗೆ ಹೆಸರೇ ಸಿಗದ ಮನುಷ್ಯ ಊರಿಂದ ಊರಿಗೆ, ಡಾಕ್ಟರರಿಂದ ಡಾಕ್ಟರರಿಗೆ ಅಲೆಯುತ್ತಾನೆ. ಮತ್ತೆ ಮತ್ತೆ ಸ್ಕ್ಯಾನ್, ಜಂತಿನ ಗುಳಿಗೆ, ಸಲಾಯಿನ್. ಕೊನೆಗೆ ‘ನಿನಗ ಏನೂ ಆಗಿಲ್ಲ’ ಎಂಬ ಮಾತು ಕೇಳಿ ಮನೆಯವರೂ ಅವನನ್ನು ನಂಬುವುದು ಬಿಡುತ್ತಾರೆ. ಆಗಿರುವುದು ನಿಜ. ಕರುಳಿಗೂ ಮಿದುಳಿಗೂ ನಡುವಿನ ಸಂಪರ್ಕ ಹದ ತಪ್ಪಿ, ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ಅವನಿಗೆ ನೋವಾಗುತ್ತದೆ. ಊಟದಲ್ಲಿ, ದಿನಚರಿಯಲ್ಲಿ ಬದಲಾವಣೆ, ಅಗತ್ಯವಿದ್ದರೆ ಔಷಧಿ, ಎಲ್ಲಕ್ಕಿಂತ ಮೊದಲು ತಿಳಿಸಿ ಹೇಳುವ ವೈದ್ಯರಿದ್ದರೆ ಬಹಳ ಜನ ಸುಧಾರಿಸುತ್ತಾರೆ.

ಇಲ್ಲಿ ಎಣಿಸುವುದಾದರೆ ಆಸ್ಪತ್ರೆಯ ಹೊರರೋಗಿಗಳ ಚೀಟಿ ಎಣಿಸಿ ಫಲವಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಳ್ಳಬಲ್ಲವರು ಮಾತ್ರ ಅಲ್ಲಿಗೆ ಬರುತ್ತಾರೆ. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಬೇಕು. ಭೀಮೆಯ ದಂಡೆಯ ಇಂಡಿ, ಸಿಂದಗಿ ಊರುಗಳೂ ಬರಬೇಕು, ಕೃಷ್ಣೆಯ ಕಡೆಯ ಮುದ್ದೇಬಿಹಾಳವೂ ಬರಬೇಕು, ಬಾಗೇವಾಡಿಯ ಒಣಬೇಸಾಯದ ಎರೆಯೂ ಬರಬೇಕು. ಪ್ರಶ್ನೆ ಇಲ್ಲಿನ ಊಟವನ್ನು ತಿಳಿದಿರಬೇಕು: ಬೆಳಗಿನ ರೊಟ್ಟಿ, ಕಟಕ ರೊಟ್ಟಿಗೆ ಶೇಂಗಾ ಹಿಂಡಿ, ತೊಗರಿಬೇಳೆ, ಹಸಿ ಉಳ್ಳಾಗಡ್ಡಿ, ಕೆಂಪು ಖಾರ. ಬೇಳೆಕಾಳು, ಉಳ್ಳಾಗಡ್ಡಿಗಳಲ್ಲಿರುವ ಕೆಲವು ಅಂಶಗಳು ಕರುಳಿನಲ್ಲಿ ಹುದುಗಿ ವಾಯು ಮಾಡುತ್ತವೆ. ಅದು ಎಲ್ಲರಿಗೂ ಆಗುವ ಉಬ್ಬರವೋ ಕೆರಳಿದ ಕರುಳಿನ ನೋವೋ ಎಂದು ಬಿಡಿಸಿ ಕೇಳಬೇಕು. ಮಲದ ರೂಪ ತಿಳಿಯಲು 1997ರಲ್ಲಿ ಲೂಯಿಸ್ ಮತ್ತು ಹೀಟನ್ ಪ್ರಕಟಿಸಿದ, ಏಳು ಬಗೆಗಳ ಬ್ರಿಸ್ಟಲ್ ಚಿತ್ರಪಟವಿದೆ. ಓದು ಬರದವರಿಗೂ ಅದು ಸಲ್ಲುತ್ತದೆ. ಆದರೆ ಚರಿಗೆ ಹಿಡಿದು ನಸುಕಿನ ಕತ್ತಲಲ್ಲಿ ಬಯಲಿಗೆ ಹೋಗುವ ಹೆಂಗಸು ಅದನ್ನು ನೋಡಿರುವುದೇ ಇಲ್ಲ. ಅಂಥವಳಿಗೆ ಗಟ್ಟಿಯೋ ತೆಳುವೋ, ತಡೆಯಲಾಗುತ್ತದೋ ಇಲ್ಲವೋ ಎಂದು ಕೇಳಬೇಕು. ಕೇಳುವವಳು ಹೆಂಗಸಾಗಿರಬೇಕು, ಕೇಳುವಾಗ ಅತ್ತೆ ಮಾವಂದಿರು ಪಡಸಾಲೆಯಲ್ಲಿ ಕೂತಿರಬಾರದು. ರಕ್ತ ಬೀಳುವುದು, ತೂಕ ಇಳಿಯುವುದು, ಜ್ವರ ಬರುವುದು ಕಂಡರೆ ಅವರನ್ನು ಐ.ಬಿ.ಎಸ್. ಪಟ್ಟಿಗೆ ಹಾಕದೆ ಆಸ್ಪತ್ರೆಗೆ ಕಳಿಸಬೇಕು; ಕರುಳಿನ ಕ್ಷಯವೂ ಕರುಳಿನ ಗಡ್ಡೆಯೂ ಇದೇ ಮಾತುಗಳಲ್ಲಿ ತಮ್ಮ ಸುದ್ದಿ ಹೇಳುತ್ತವೆ.

ಎಣಿಕೆಯ ಕಾಲವನ್ನೂ ನೋಡಿ ಆರಿಸಬೇಕು. ಸುಗ್ಗಿ ಮುಗಿದ ಮೇಲೆ ಈ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ಕೆಲಸ ಹುಡುಕಿ ಮಹಾರಾಷ್ಟ್ರಕ್ಕೆ, ಗೋವಾಕ್ಕೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಶೆಡ್ಡಿನಲ್ಲಿ ವಾಸ, ಸಿಕ್ಕಲ್ಲಿ ನೀರು, ಹೊತ್ತು ತಪ್ಪಿದ ಊಟ: ಹೊಟ್ಟೆ ಕೆಡುವುದಕ್ಕೆ ಬೇಕಾದದ್ದೆಲ್ಲ ಅವರ ಪಾಲಿಗಿದೆ. ಬೇಸಿಗೆಯಲ್ಲಿ ಹೋದ ಸಮೀಕ್ಷೆಯವರು ಬೀಗ ಕಂಡ ಮನೆ ಬಿಟ್ಟು ಪಕ್ಕದ ಮನೆಯ ಕದ ತಟ್ಟಿದರೆ, ಬೇನೆ ಹೆಚ್ಚಿರಬಹುದಾದ ಮನೆಗಳೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ನಾರುಹುಣ್ಣಿನ ಕಾಲದಲ್ಲಿ ವರ್ಷದಲ್ಲಿ ಮತ್ತೆ ಮತ್ತೆ ಅದೇ ಬಾಗಿಲಿಗೆ ಹೋಗುತ್ತಿದ್ದ ರೂಢಿ ಇಲ್ಲಿನ ಆರೋಗ್ಯ ಇಲಾಖೆಗೆ ಹೊಸದಲ್ಲ. ಬೀಗ ಹಾಕಿದ ಮನೆಯ ನಂಬರು ಬರೆದಿಟ್ಟುಕೊಂಡು, ಮುಂಗಾರಿಗೆ ಅವರು ಮರಳಿದಾಗ ಮತ್ತೆ ಹೋಗಿ ಕೇಳುವಷ್ಟು ದಿನ ಮತ್ತು ದುಡ್ಡನ್ನು ಸಮೀಕ್ಷೆಯ ಯೋಜನೆಯಲ್ಲಿ ಮೊದಲೇ ತೆಗೆದಿಡಬೇಕು.